ಓದುಗರ ಪ್ರಶ್ನೆ: ಸುದರ್ಶನ್ ಅವರ ಕೆಲಸವೇನು, ಆ ದಾರಿ ನಮಗೂ ಉಂಟೇ?

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಕ್ವಾಂಟಂ ಆಪ್ಟಿಕ್ಸ್ ಕುರಿತು ಮಾತನಾಡಿದ ಅಧ್ಯಾಪಕರೊಬ್ಬರು, 2005ರ ಭೌತವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಅವರಿಗೂ ಪಾಲು ಸಿಗಬೇಕಾಗಿತ್ತು ಎಂದರು. ಅವರು ಮಾಡಿದ ಕೆಲಸವಾದರೂ ಏನು? ಪ್ರಯೋಗಾಲಯಕ್ಕೆ ಹೋಗದೆ ಲೆಕ್ಕದಿಂದಲೇ ಬೆಳಕನ್ನು ಅರಿಯುವ ಇಂತಹ ವೃತ್ತಿಯನ್ನು ನಮ್ಮ ಊರಿನವರೂ ಹಿಡಿಯಬಹುದೇ?
— ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಹುಮಾನದ ಮಾತು ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ದೀಪದ ಬೆಳಕಿಗೂ ಲೇಸರ್ ಬೆಳಕಿಗೂ ಇರುವ ವ್ಯತ್ಯಾಸ ಬಣ್ಣದ್ದು, ಪ್ರಖರತೆಯದ್ದು ಮಾತ್ರವಲ್ಲ. ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಬಂದು ತಲುಪುವ ಪರಿಯೇ ಬೇರೆ. ದೀಪದ ಬೆಳಕಿನ ಫೋಟಾನುಗಳಿಗೆ ಗುಂಪುಗೂಡಿ ಬರುವ ಒಲವಿದೆ ಎಂಬುದನ್ನು ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ 1956ರಲ್ಲಿ ಮಾಡಿದ ಪ್ರಯೋಗ ಸೂಚಿಸಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ, ಎಲ್ಲ ಬಗೆಯ ಬೆಳಕನ್ನೂ ಒಂದೇ ಗಣಿತದಲ್ಲಿ ಹೇಳುವ ಅಗತ್ಯ ಹೆಚ್ಚಾಯಿತು. ಹಾರ್ವರ್ಡಿನ ರಾಯ್ ಗ್ಲಾಬರ್ 1963ರಲ್ಲಿ, ಆದರ್ಶ ಲೇಸರಿನ ಬೆಳಕನ್ನು ಬಣ್ಣಿಸುವ ‘ಸಂಸಕ್ತ ಸ್ಥಿತಿ’ಗಳನ್ನು ಆಧಾರವಾಗಿಟ್ಟು ಸಿದ್ಧಾಂತವನ್ನು ಕಟ್ಟಿದರು. ಅದೇ ವರ್ಷ ಸುದರ್ಶನ್, ಬೆಳಕಿನ ಯಾವುದೇ ಸ್ಥಿತಿಯನ್ನೂ ಸಂಸಕ್ತ ಸ್ಥಿತಿಗಳ ಮಿಶ್ರಣದ ರೂಪದಲ್ಲಿ ಬರೆಯಬಹುದೆಂದು ಒಂದು ಕಿರುಪ್ರಬಂಧದಲ್ಲಿ ತೋರಿಸಿದರು.

ಮಿಶ್ರಣದ ಲೆಕ್ಕವನ್ನು ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿ ಇಷ್ಟು, ಉದ್ದಿನಬೇಳೆ ಇಷ್ಟು, ಮಂಡಕ್ಕಿ ಇಷ್ಟು ಎಂಬ ಅಳತೆ ಇರುತ್ತದೆ. ಸುದರ್ಶನ್ ಅವರ ಸೂತ್ರವೂ ಬೆಳಕಿಗೆ ಅಂತಹ ಅಳತೆಯನ್ನು ಕೊಡುತ್ತದೆ. ದೀಪದ ಬೆಳಕಿಗೆ ಆ ಅಳತೆಗಳು ಎಲ್ಲಿಯೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಆದರ್ಶ ಲೇಸರಿಗಾದರೆ ಒಂದೇ ಪದಾರ್ಥ ಸಾಕು. ಆದರೆ ಒಂದೇ ಒಂದು ಫೋಟಾನಿರುವ ಸ್ಥಿತಿಗೆ ಅಳತೆ ಬರೆಯಹೊರಟರೆ, ‘ಉದ್ದಿನಬೇಳೆ ಋಣ ಅರ್ಧ ಪಾವು’ ಎಂಬಂತಹ ಉತ್ತರ ಬರುತ್ತದೆ. ಅಂತಹ ಹಿಟ್ಟನ್ನು ಯಾರೂ ರುಬ್ಬಲಾರರು. ಹಾಗೆಂದು ಸೂತ್ರ ತಪ್ಪಲ್ಲ. ಈ ಬೆಳಕನ್ನು ಸಾಮಾನ್ಯ ಅಲೆಗಳ ಬೆರಕೆಯೆಂದು ಯಾವ ರೀತಿಯಿಂದಲೂ ವಿವರಿಸಲಾಗದು ಎಂದು ಆ ಋಣಚಿಹ್ನೆ ಹೇಳುತ್ತಿದೆ. ಫೋಟಾನುಗಳು ಗುಂಪುಗೂಡದೆ ಅಂತರ ಕಾಯ್ದುಕೊಂಡು ಬರುವ ಅಂತಹ ಬೆಳಕನ್ನು ಕಿಂಬಲ್, ಡ್ಯಾಗೆನೈಸ್ ಮತ್ತು ಮ್ಯಾಂಡೆಲ್ 1977ರಲ್ಲಿ ಪ್ರಯೋಗದಲ್ಲಿ ಕಂಡರು. ಕಾಗದದ ಮೇಲಿನ ಮೈನಸ್ ಗುರುತೊಂದು ಹದಿನಾಲ್ಕು ವರ್ಷಗಳ ನಂತರ ಪ್ರಯೋಗದ ಮೇಜಿನ ಮೇಲೆ ಅರ್ಥ ಪಡೆದದ್ದು ನನಗೆ ಬಹುಮಾನದ ವಿವಾದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

2005ರ ಬಹುಮಾನದ ಅರ್ಧ ಭಾಗ ಗ್ಲಾಬರ್ ಅವರಿಗೂ, ಉಳಿದರ್ಧ ಜಾನ್ ಹಾಲ್ ಮತ್ತು ಥಿಯೋಡೋರ್ ಹ್ಯಾನ್ಶ್ ಅವರಿಗೂ ಹೋಯಿತು. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ಸುದರ್ಶನ್ ಸಮಿತಿಗೆ ಪತ್ರ ಬರೆದು ಪ್ರತಿಭಟಿಸಿದರು. ಅವರ ಅಸಮಾಧಾನಕ್ಕೆ ಆಧಾರವಿತ್ತೆಂಬುದೇ ನನ್ನ ಅಭಿಪ್ರಾಯ, ಆದರೆ ಗ್ಲಾಬರ್ ಅವರ ಕೆಲಸ ಆ ಒಂದು ಸೂತ್ರಕ್ಕೆ ಸೀಮಿತವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಇಂದು ಮಿಶ್ರಣದ ಆ ಸೂತ್ರಕ್ಕೆ ಗ್ಲಾಬರ್, ಸುದರ್ಶನ್ ಇಬ್ಬರ ಹೆಸರೂ ಸೇರಿಕೊಂಡಿದೆ.

ಇನ್ನು ದಾರಿಯ ವಿಚಾರ. ಸುದರ್ಶನ್ 1931ರಲ್ಲಿ ಹುಟ್ಟಿದ್ದು ಕೇರಳದ ಕೋಟ್ಟಯಂ ಬಳಿಯ ಪಳ್ಳಂ ಎಂಬ ಹಳ್ಳಿಯಲ್ಲಿ. ಕೋಟ್ಟಯಂ, ಮದ್ರಾಸುಗಳಲ್ಲಿ ಓದಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ಕಾಲ ಇದ್ದು, ಅಮೆರಿಕದ ರಾಚೆಸ್ಟರಿನಲ್ಲಿ 1958ರಲ್ಲಿ ಪಿಎಚ್.ಡಿ. ಪಡೆದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದವರೂ ಅವರೇ. ನಿಮಗೆ ಸಮುದ್ರ ದಾಟುವ ಅವಸರ ಬೇಡ. ಪದವಿಯ ಕೊನೆಯ ವರ್ಷದಲ್ಲಿ ಜಾಮ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದರೆ ಅದೇ ಭಾರತೀಯ ವಿಜ್ಞಾನ ಸಂಸ್ಥೆಯ, ಪದವಿ ಮುಗಿಸಿ ನೇರವಾಗಿ ಸೇರುವ ಸಂಯುಕ್ತ (ಇಂಟಿಗ್ರೇಟೆಡ್) ಪಿಎಚ್.ಡಿ.ಗೂ ಐಐಟಿಗಳ ಎಂ.ಎಸ್‌ಸಿ.ಗೂ ಪ್ರಯತ್ನಿಸಬಹುದು, ಸಂಶೋಧನೆಯ ಅವಧಿಯಲ್ಲಿ ಶಿಷ್ಯವೇತನವೂ ಬರುತ್ತದೆ. ಎಂ.ಎಸ್‌ಸಿ. ನಂತರ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಗಿಲು ತಟ್ಟಬಹುದು. ಆದರೆ ಒಂದು ಮಾತನ್ನು ಮುಚ್ಚಿಡಲಾರೆ: ಪಿಎಚ್.ಡಿ.ಗೆ ಐದಾರು ವರ್ಷ, ಆಮೇಲೆ ಊರಿಂದೂರಿಗೆ ಅಲೆಸುವ ತಾತ್ಕಾಲಿಕ ಹುದ್ದೆಗಳು, ಕಾಯಂ ಕೆಲಸದ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಮನೆಯವರಿಗೆ ಇದನ್ನು ಈಗಲೇ ತಿಳಿಸಿಡಿ.

ಸದ್ಯಕ್ಕೆ ನಿಮ್ಮ ಪಠ್ಯದಲ್ಲಿ ಸ್ಪ್ರಿಂಗಿನ ತುದಿಯ ಗುಂಡಿನಂತೆ ಹಿಂದುಮುಂದೆ ತೂಗುವ ಸರಳ ಆವರ್ತ ಆಂದೋಲಕದ ಪಾಠವಿರುತ್ತದೆ. ಬೆಳಕಿನ ಪ್ರತಿಯೊಂದು ಕಂಪನವಿಧಾನವೂ ಗಣಿತದಲ್ಲಿ ಅಂತಹ ಒಂದು ಆಂದೋಲಕವೇ. ಅದರ ಕ್ವಾಂಟಂ ರೂಪವನ್ನು, ಮ್ಯಾಟ್ರಿಕ್ಸುಗಳ ಅಭ್ಯಾಸದೊಂದಿಗೆ, ಪರೀಕ್ಷೆಗೆ ಬರಲಿ ಬಿಡಲಿ, ಈ ರಜೆಯಲ್ಲಿ ಕೈಯಾರೆ ಬಿಡಿಸಿ ನೋಡಿ. ಸಂಸಕ್ತ ಸ್ಥಿತಿ ಅದರ ಮುಂದಿನ ಪುಟದಲ್ಲೇ ಇದೆ.