ನಂಬರ್ ಬರುವವರೆಗೂ ಅಪ್ಪ ಹಸಿದು ಕೂರಬೇಕಾ?

ಪ್ರಶ್ನೆ: ಅಕ್ಕ, ನಮ್ಮ ಅಪ್ಪನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ನಾವು ತೋರಿಸುವ ಡಾಕ್ಟರ್ ಹತ್ತಿರ ಬೆಳಿಗ್ಗೆ 8ಕ್ಕೆ ಫೋನ್ ಮಾಡಿ ನಂಬರ್ ಹಾಕಿಸಬೇಕು. ಎಂಟಕ್ಕೆ ಲೈನೇ ಸಿಗಲ್ಲ. ಎಂಟೂ ಕಾಲಿಗೆ ಸಿಕ್ಕರೆ ‘ಇವತ್ತಿನದು ಮುಗೀತು’ ಅನ್ನುತ್ತಾರೆ. ಹಾಗಾಗಿ ಅಪ್ಪ ಆರು ಗಂಟೆಗೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ. ರಕ್ತ ಕೊಡಬೇಕಲ್ಲ ಅಂತ ಖಾಲಿ ಹೊಟ್ಟೆಯಲ್ಲೇ ಹೋಗುತ್ತಾರೆ. ಕಳೆದ ಸೋಮವಾರ ಹನ್ನೊಂದಾದರೂ ನಂಬರ್ ಬರಲಿಲ್ಲ, ತಲೆ ಸುತ್ತಿ ಕೂತುಬಿಟ್ಟರು. ಏನು ಮಾಡಲಿ?
— ಓದುಗರು, ಮಂಡ್ಯ

ಉತ್ತರ: ತಂಗಿ, ಮೈಸೂರಿನ ಸರಸ್ವತಿಪುರಂನ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ 19 ವರ್ಷ ನಂಬರ್ ಬರೆದವಳು ನಾನು. ನಿಮ್ಮ ಅಪ್ಪನಂಥವರನ್ನು ಆ ಬೆಂಚಿನ ಮೇಲೆ ದಿನಾ ನೋಡಿದ್ದೇನೆ. ಮುಖ ಬಾಡಿರುತ್ತದೆ, ಕೈ ನಡುಗುತ್ತಿರುತ್ತದೆ. ಆದರೂ ಎದ್ದು ಹೋದರೆ ನಂಬರ್ ತಪ್ಪುತ್ತದೆ ಅಂತ ಹೆದರಿ ಕದಲುವುದಿಲ್ಲ.

ಮೊದಲು ಹಸಿವಿನ ವಿಷಯ. ರಕ್ತ ಕೊಡುವುದನ್ನೂ ಡಾಕ್ಟರನ್ನು ಕಾಣುವುದನ್ನೂ ಒಂದೇ ಹೊತ್ತಿಗೆ ಇಟ್ಟುಕೊಳ್ಳಬೇಡಿ. ರಾತ್ರಿ 9ಕ್ಕೆ ಊಟ ಮುಗಿಸಿದರೆ ಬೆಳಿಗ್ಗೆ 7ಕ್ಕೆ ಹತ್ತು ಗಂಟೆ ಆಯಿತು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಎಂಟು ಗಂಟೆ ಸಾಕು. ನೀರು ಕುಡಿಯಬಹುದು, ಕಾಫಿ ಬೇಡ. ನೇರ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಅಲ್ಲೇ ಪಕ್ಕದಲ್ಲಿ ಎರಡು ಇಡ್ಲಿ ತಿನ್ನಲಿ. ತಿನ್ನಲು ಶುರು ಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಊಟದ ನಂತರದ ಪರೀಕ್ಷೆಯ ಎರಡು ಗಂಟೆ ಲೆಕ್ಕ ಆಗಿನಿಂದಲೇ. ತುಂಬ ಜನ ತಿಂದು ಮುಗಿಸಿದ ಮೇಲೆ ಎಣಿಸುತ್ತಾರೆ, ಅದು ತಪ್ಪು. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಉಪವಾಸ ಕೂರಲೇಬಾರದು. ರಕ್ತ ಕೊಡುವ ದಿನ ಅದನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನೇ ಮುಂಚೆ ಕೇಳಿಡಿ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗಂತೂ ಹಸಿದಿರುವ ಅಗತ್ಯವೇ ಇಲ್ಲ. ರಿಪೋರ್ಟ್ ಕೈಗೆ ಬಂದ ಮೇಲೆ ಸಂಜೆಗೋ ಮರುದಿನಕ್ಕೋ ನಂಬರ್ ಹಾಕಿಸಿ.

ತಲೆ ಸುತ್ತಿ, ಬೆವರು, ನಡುಕ ಬಂದರೆ ಸಕ್ಕರೆ ಇಳಿದಿರಬಹುದು. ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಫೋನಿನ ಮಾತು. ಸೋಮವಾರ ಬಿಡಿ. ಭಾನುವಾರ ಬಾಗಿಲು ಹಾಕಿದ್ದ ಕಡೆಯೆಲ್ಲ ಸೋಮವಾರ ಎರಡು ದಿನದ ಜನ ಇರುತ್ತಾರೆ. ನಮ್ಮಲ್ಲಿ ಬುಧವಾರ, ಗುರುವಾರ ಕಡಿಮೆ ಇರುತ್ತಿತ್ತು. ಇನ್ನೊಂದು, ಎಂಟು ಗಂಟೆಯ ಗಲಾಟೆಯಲ್ಲಿ ಏನೂ ಕೇಳಬೇಡಿ. ಜನ ಕರಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹೋಗಿ ಅಲ್ಲಿ ನಂಬರ್ ಬರೆಯುವವರನ್ನು ಕೇಳಿ: ‘ಅಪ್ಪ ತಿಂಗಳಿಗೊಮ್ಮೆ ಬರೋರು, ಮುಂದಿನ ತಿಂಗಳದ್ದು ಈಗಲೇ ಬರೆದುಕೊಳ್ತೀರಾ?’ ನಾನು ದಿನಾ ನಾಲ್ಕು ನಂಬರ್ ವಯಸ್ಸಾದವರಿಗೆ ಅಂತ ಎತ್ತಿಡುತ್ತಿದ್ದೆ. ಕೇಳಿದವರಿಗೆ ಮಾತ್ರ ಅದು ಗೊತ್ತಾಗುತ್ತಿತ್ತು.

ನಂಬರ್ ಸಿಕ್ಕ ಮೇಲೂ ಅಲ್ಲೇ ಕಾಯಬೇಕಿಲ್ಲ. ನಮ್ಮ ಡಾಕ್ಟರ್ ಗಂಟೆಗೆ ಎಂಟು ಜನರನ್ನು ನೋಡುತ್ತಿದ್ದರು. 24ನೇ ನಂಬರ್ ಅಂದರೆ ಮೂರು ಗಂಟೆ. ನಿಮ್ಮ ಕಡೆಯ ಲೆಕ್ಕ ಏನು ಅಂತ ತಿಳಿದುಕೊಳ್ಳಿ. ಹೊರಡುವ ಮುಂಚೆ ‘ಎಷ್ಟನೇ ನಂಬರ್ ಒಳಗೆ ಹೋಗಿದೆ?’ ಅಂತ ಫೋನ್ ಮಾಡಿ.

ಇನ್ನು ನಾನು ಮರೆಯಲಾಗದ ಒಂದು ದಿನದ ಬಗ್ಗೆ ಹೇಳಲೇಬೇಕು. ಒಬ್ಬರು ಫೋನಿನಲ್ಲಿ ಬರೀ ಹೆಸರು ಹೇಳಿದರು. ನಾನೂ ಏನೂ ಕೇಳದೆ 31 ಅಂತ ಬರೆದೆ. ಬಂದು ಮೂಲೆಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಹೆಂಗಸು ‘ಇವರ ಅಂಗಿ ನೋಡಿ’ ಅಂತ ಕೂಗಿದರು. ಬೆವರಿಗೆ ತೊಯ್ದು ಹೋಗಿತ್ತು. ಎದೆನೋವು ಬೆಳಿಗ್ಗೆಯಿಂದಲೇ ಇತ್ತಂತೆ. ಡಾಕ್ಟರ್ ಆಗಲೇ ಜಯದೇವ ಹೃದಯದ ಆಸ್ಪತ್ರೆಗೆ ಕಳಿಸಿದರು, ಬದುಕಿಕೊಂಡರು. ಅವತ್ತು ಸಂಜೆಯೇ ನನ್ನ ಪುಸ್ತಕದಲ್ಲಿ ಹೆಸರಿನ ಪಕ್ಕ ಇನ್ನೊಂದು ಗೆರೆ ಎಳೆದು ‘ಏನು ತೊಂದರೆ’ ಅಂತ ಬರೆದೆ. ಆಮೇಲೆ ಕೇಳದೆ ಒಂದು ನಂಬರೂ ಕೊಟ್ಟಿಲ್ಲ. ನಿಮ್ಮ ಕ್ಲಿನಿಕ್‌ನವರು ಕೇಳದಿದ್ದರೂ ನೀವೇ ಹೇಳಿ: ‘71 ವರ್ಷ, ಸಕ್ಕರೆ ಇದೆ, ಹೋದ ಸಲ ತಲೆ ಸುತ್ತಿತ್ತು.’ ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಇವಕ್ಕೆ ನಂಬರ್ ಹಾಕಿಸುತ್ತಾ ಕೂರಬೇಡಿ. ನೇರ 108.

ಪ್ರಶ್ನೆ: ಅಮ್ಮನನ್ನು ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ತೋರಿಸಬೇಕು. ಚೀಟಿಯ ಸಾಲು ತಪ್ಪಿಸಲು ದಾರಿ ಇದೆಯಾ?
— ಓದುಗರು, ಮದ್ದೂರು

ಉತ್ತರ: ಆಧಾರ್ ಬಳಸಿ 14 ಅಂಕಿಯ ಆಭಾ ನಂಬರ್, ಅಂದರೆ ಕೇಂದ್ರ ಸರ್ಕಾರದ ಆರೋಗ್ಯ ಖಾತೆಯ ನಂಬರ್, ಮಾಡಿಸಿಡಿ. ದುಡ್ಡು ಕೊಡಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಒಪಿಡಿ ಕೌಂಟರ್ ಹತ್ತಿರ ಆಭಾದ ಕ್ಯೂಆರ್ ಕೋಡ್ ಅಂಟಿಸಿದ್ದರೆ ಫೋನಿನಿಂದ ಸ್ಕ್ಯಾನ್ ಮಾಡಿ. ಹೆಸರು, ವಯಸ್ಸು ತಾನೇ ಹೋಗುತ್ತದೆ, ಟೋಕನ್ ಫೋನಿಗೆ ಬರುತ್ತದೆ. ಡಾಕ್ಟರ್ ಕೋಣೆಯ ಮುಂದೆ ಕಾಯುವುದು ಮಾತ್ರ ತಪ್ಪುವುದಿಲ್ಲ. ಹಳೆಯ ಚೀಟಿಗಳ ಜೊತೆ ಅಮ್ಮ ಈಗ ನುಂಗುತ್ತಿರುವ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ‘ಬಿಳಿ ಮಾತ್ರೆ, ಚಿಕ್ಕದು’ ಅಂದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ ಅಲ್ವಾ.