ಲಂಡನ್‌ನವರು ಮೆಚ್ಚಿದರೆ ನಮ್ಮ ಓಟು ಯಾಕೆ ಬದಲಾಗಬೇಕು?

ದೇಶದ ನಾಯಕರನ್ನು ಆರಿಸುವಾಗ ಹೊರದೇಶದವರು ಏನನ್ನುತ್ತಾರೆ ಅನ್ನುವುದನ್ನು ಮತದಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ ಅಂತ ಕೇಳಿದ್ದೀರಿ. ಅವರು ಹೊಗಳಿದರು ಅಂತ ಓಟು ಹಾಕಬೇಡಿ. ಬೈದರು ಅಂತಲೂ ಹಾಕಬೇಡಿ. ಆದರೆ ಅವರ ಮಾತಿನಲ್ಲಿ ನಮಗೆ ಇಲ್ಲಿ ಸಿಗದ ಸುದ್ದಿ ಏನಾದರೂ ಇದ್ದರೆ ಅದನ್ನು ಮಾತ್ರ ಬಿಡಬೇಡಿ. ಇದು ನನ್ನ ಉತ್ತರ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನಿರುವುದು ಮುಂಬೈಯ ವಡಾಲಾದಲ್ಲಿ. ಕೆಲಸ ರಫ್ತಿನ ಕಾಗದಪತ್ರಗಳದ್ದು. ದಿನವಿಡೀ ಹೊರದೇಶದ ಗಿರಾಕಿಗಳ ಜೊತೆ ಮಾತು. ಚುನಾವಣೆ ಹತ್ತಿರ ಬಂದಾಗ ಅವರು ಏನು ಕೇಳುತ್ತಾರೆ ಗೊತ್ತಾ? ಮತದಾನದ ದಿನ ನ್ಹಾವಾ ಶೇವಾ ಬಂದರಿನಲ್ಲಿ ಕೆಲಸ ನಡೆಯುತ್ತಾ, ಕಸ್ಟಮ್ಸ್‌ನವರಿಗೆ ರಜೆಯಾ, ಕಂಟೇನರ್ ಯಾವ ಹಡಗಿಗೆ ಹತ್ತುತ್ತೆ, ರೂಪಾಯಿ ಎಲ್ಲಿಗೆ ಬಂದು ನಿಲ್ಲಬಹುದು. ಯಾರು ಗೆದ್ದರೆ ನಿಮ್ಮ ಊರಿನ ಶಾಲೆಗೆ ಮೇಷ್ಟ್ರು ಬರುತ್ತಾರೆ ಅಂತ ಯಾರೂ ಕೇಳಿದ್ದಿಲ್ಲ. ಅವರನ್ನು ದೂರುತ್ತಿಲ್ಲ. ಅವರ ಚಿಂತೆ ಅವರಿಗೆ, ಅದು ಸರಿಯೇ. ದೇಶಗಳ ಮಟ್ಟದಲ್ಲೂ ಹೀಗೇ. ದೆಹಲಿಯಲ್ಲಿ ಯಾರು ಕೂತರೆ ಒಳ್ಳೇದು ಅಂತ ವಾಷಿಂಗ್ಟನ್, ಬೀಜಿಂಗ್, ಲಂಡನ್‌ನವರು ಯೋಚಿಸುವುದು ಅವರವರ ವ್ಯಾಪಾರ, ಅವರವರ ಸೇನೆ ನೋಡಿಕೊಂಡು.

ಮುಂಬೈಯಲ್ಲಿ ಈ ಮಾತು ಬಂದಾಗ 1962ರ ಉತ್ತರ ಬಾಂಬೆ ಚುನಾವಣೆಯನ್ನು ನೆನೆಯದೆ ಇರೋಕಾಗಲ್ಲ. ಕಾಂಗ್ರೆಸ್‌ನಿಂದ ನಿಂತವರು ಆಗಿನ ರಕ್ಷಣಾ ಮಂತ್ರಿ ವಿ. ಕೆ. ಕೃಷ್ಣ ಮೆನನ್. ಎದುರಿಗೆ ಹಿರಿಯ ಗಾಂಧಿವಾದಿ ನಾಯಕ ಆಚಾರ್ಯ ಕೃಪಲಾನಿ. ಮೆನನ್ ಅಂದರೆ ಪಶ್ಚಿಮದ ದೇಶಗಳಿಗೆ ಆಗುತ್ತಿರಲಿಲ್ಲ. 1957ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತಾಡಿದ ಮನುಷ್ಯ ಅವರು. ಸಾಲದ್ದಕ್ಕೆ ಚುನಾವಣೆಗೆ ಎರಡೇ ತಿಂಗಳ ಮುಂಚೆ, 1961ರ ಡಿಸೆಂಬರ್ 18ರಂದು, ನಮ್ಮ ಸೇನೆ ಗೋವಾಕ್ಕೆ ಹೋಯಿತು. 19ಕ್ಕೆ ಪೋರ್ಚುಗೀಸರು ಶರಣಾದರು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅಡ್ಲೈ ಸ್ಟೀವನ್ಸನ್ ಭದ್ರತಾ ಮಂಡಳಿಯಲ್ಲಿ ಭಾರತವನ್ನು ಕಟುವಾಗಿ ಖಂಡಿಸಿದರು. ಸೇನೆ ವಾಪಸಾಗಬೇಕು ಅನ್ನುವ ನಿರ್ಣಯಕ್ಕೆ ಬ್ರಿಟನ್, ಫ್ರಾನ್ಸ್ ಕೂಡ ಕೈಜೋಡಿಸಿದವು. ಸೋವಿಯತ್ ಒಕ್ಕೂಟದ ವೀಟೋ ಇಲ್ಲದಿದ್ದರೆ ಅದು ಪಾಸಾಗುತ್ತಿತ್ತು.

ಆಗ ಹೊರಗಿನವರ ಅಭಿಪ್ರಾಯ ಕೇಳಿದ್ದರೆ ಇವತ್ತು ಗೋವಾ ಎಲ್ಲಿರುತ್ತಿತ್ತು? ಪಶ್ಚಿಮದವರ ಸಿಟ್ಟಿಗೆ ಬೆಲೆ ಕೊಡದೆ ಉತ್ತರ ಬಾಂಬೆಯ ಜನ ಮೆನನ್ ಅವರನ್ನು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಿದ್ದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ. ಚಳಿಗೆ ತಕ್ಕ ಬಟ್ಟೆಯಿಲ್ಲದೆ, ಸರಿಯಾದ ಬಂದೂಕಿಲ್ಲದೆ ನಮ್ಮ ಸೈನಿಕರು ಹಿಮಾಲಯದಲ್ಲಿ ನಿಂತರು. ನವೆಂಬರ್‌ನಲ್ಲಿ ಮೆನನ್ ಸಂಪುಟ ಬಿಡಬೇಕಾಯಿತು. ರಕ್ಷಣಾ ಇಲಾಖೆಯಲ್ಲಿ ಏನೋ ಸರಿಯಿಲ್ಲ ಅನ್ನುವ ಸೂಚನೆ ಮೊದಲೇ ಬಂದಿತ್ತು. ಕೊಟ್ಟವರು ಹೊರಗಿನವರಲ್ಲ, ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ. ಸೇನಾ ಮುಖ್ಯಸ್ಥರಾಗಿದ್ದ ಅವರು ಮೆನನ್ ಜೊತೆಗಿನ ಜಗಳದಲ್ಲಿ 1959ರಲ್ಲೇ ರಾಜೀನಾಮೆ ಬರೆದುಕೊಟ್ಟಿದ್ದರು. ನೆಹರೂ ಒತ್ತಾಯಿಸಿದ ಮೇಲೆ ಹಿಂದೆ ತೆಗೆದುಕೊಂಡರು.

ನನಗೆ ಜಾಸ್ತಿ ಕಾಡುವುದು ಇದೇ. ಹೊರಗಿನವರ ಬೈಗುಳ ಮಾಡುವ ದೊಡ್ಡ ಅನಾಹುತ ಅಂದರೆ ಅದು ಒಳಗಿನವರ ನ್ಯಾಯವಾದ ಟೀಕೆಯನ್ನೂ ಮುಳುಗಿಸಿಬಿಡುತ್ತೆ. ಒಬ್ಬ ಮಂತ್ರಿಯನ್ನು ಅಮೆರಿಕದವರು ಬೈಯುತ್ತಿದ್ದಾರೆ ಅಂದ ಕೂಡಲೇ ನಾವು ಅವರ ಸುತ್ತ ಕೋಟೆ ಕಟ್ಟುತ್ತೇವೆ. ಆಮೇಲೆ ನಮ್ಮವರೇ ಯಾರಾದರೂ 'ಸೇನೆಗೆ ಬೂಟು ಸಾಲದು' ಅಂದರೂ ಅದು ಹೊರಗಿನವರ ರಾಗದ ಹಾಗೆ ಕೇಳಿಸುತ್ತೆ. ಇವತ್ತೂ ನೋಡಿ. ಗೊಬ್ಬರದ ಬೆಲೆ ಬಗ್ಗೆ ರೈತ ಮಾತಾಡಿದರೆ, 'ವಿದೇಶಿ ಪತ್ರಿಕೆಯವರೂ ಇದನ್ನೇ ಹೇಳ್ತಾರಲ್ಲ' ಅಂತ ಬಾಯಿ ಮುಚ್ಚಿಸುವವರು ಸಿಗುತ್ತಾರೆ. ಆ ರೈತ ಯಾವ ವಿದೇಶಿ ಪತ್ರಿಕೆ ಓದಿರುತ್ತಾನೆ?

ಬೈದರು ಅನ್ನುವ ಹಟಕ್ಕೆ ಓಟು ಹಾಕುವುದು ಬರೀ ನಮ್ಮ ಅಭ್ಯಾಸವೂ ಅಲ್ಲ. 2004ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಅಲ್ಲಿಯ ಒಹಾಯೋ ರಾಜ್ಯದ ಕ್ಲಾರ್ಕ್ ಕೌಂಟಿಯ ಮತದಾರರಿಗೆ ಕಾಗದ ಬರೆಯಿರಿ ಅಂತ ತನ್ನ ಓದುಗರನ್ನು ಕೇಳಿಕೊಂಡಿತು. ಬುಷ್ ಬೇಡ ಅನ್ನುವ ಧಾಟಿಯ ಕಾಗದಗಳು ಹೋದವು. ಅಲ್ಲಿಯ ಜನ ಕೆರಳಿದರು, 'ನಮ್ಮ ಚುನಾವಣೆಯಲ್ಲಿ ನಿಮಗೇನು ಕೆಲಸ' ಅಂತ ತಿರುಗಿ ಬರೆದರು. 2000ದಲ್ಲಿ ಬುಷ್ ಎದುರು ನಿಂತಿದ್ದ ಅಲ್ ಗೋರ್‌ಗೆ ಮುನ್ನಡೆ ಕೊಟ್ಟಿದ್ದ ಆ ಕೌಂಟಿ 2004ರಲ್ಲಿ ಬುಷ್ ಕಡೆ ವಾಲಿತು. ಕಾಗದಗಳಿಂದಲೇ ಹೀಗಾಯಿತು ಅಂತ ಸಾಧಿಸೋಕಾಗಲ್ಲ, ಸಹಾಯವಂತೂ ಆಗಲಿಲ್ಲ. 2016ರಲ್ಲಿ ಒಬಾಮಾ ಲಂಡನ್‌ಗೆ ಹೋಗಿ, ಯುರೋಪ್ ಒಕ್ಕೂಟ ಬಿಟ್ಟರೆ ನಮ್ಮ ಜೊತೆಗಿನ ವ್ಯಾಪಾರ ಒಪ್ಪಂದದ ಸಾಲಿನಲ್ಲಿ ನೀವು ಹಿಂದೆ ನಿಲ್ಲಬೇಕಾಗುತ್ತೆ ಅಂದರು. ಜೂನ್‌ನಲ್ಲಿ ಬ್ರಿಟಿಷರು ಬಿಡುವುದಕ್ಕೇ ಓಟು ಹಾಕಿದರು. ಆದರೆ ಬೇರೆಯವರನ್ನು ಉರಿಸೋಕೆ ಅಂತ ಹಾಕಿದ ಓಟನ್ನೂ ಅವರೇ ಹಾಕಿಸಿದ ಹಾಗೆ ಅಲ್ವಾ?

ಹೊಗಳಿಕೆಯ ವಿಷಯವೂ ಇಷ್ಟೇ. ಮಾಟುಂಗಾದಲ್ಲಿ ಕಾಫಿಗೆ ಕೂತಾಗ ಗೆಳೆಯರು ಮೊಬೈಲ್ ತೋರಿಸುತ್ತಾರೆ. ನಮ್ಮ ನಾಯಕರನ್ನು ಅವರು ತಬ್ಬಿಕೊಂಡರು, ಇವರು ಕೆಂಪು ಹಾಸು ಹಾಸಿದರು ಅಂತ. ಖುಷಿ ಪಡೋಣ, ತಪ್ಪೇನಿಲ್ಲ. ಆದರೆ ಆ ಹಾಸು ಹಾಸಿದ್ದು ನಾವು ಓಟು ಹಾಕಿದ ಮೇಲೆ ಅನ್ನುವುದನ್ನು ಮರೆಯಬಾರದು. 2005ರಲ್ಲಿ ಅಮೆರಿಕ ನರೇಂದ್ರ ಮೋದಿಯವರಿಗೆ ವೀಸಾ ಕೊಡಲಿಲ್ಲ. 2014ರಲ್ಲಿ ಅವರು ಪ್ರಧಾನಿಯಾದ ಮೇಲೆ ಅದೇ ಅಮೆರಿಕ ಶ್ವೇತಭವನಕ್ಕೆ ಕರೆಯಿತು. 2016ರಲ್ಲಿ ತನ್ನ ಸಂಸತ್ತಿನಲ್ಲಿ ಭಾಷಣ ಮಾಡಿಸಿತು. 1998ರಲ್ಲಿ ವಾಜಪೇಯಿ ಸರ್ಕಾರ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ಮಾಡಿದಾಗ ಕ್ಲಿಂಟನ್ ನಿರ್ಬಂಧ ಹೇರಿದರು. 1999ರಲ್ಲಿ ಜನ ವಾಜಪೇಯಿಯವರನ್ನೇ ಮತ್ತೆ ಆರಿಸಿದರು. 2000ದ ಮಾರ್ಚ್‌ನಲ್ಲಿ ಕ್ಲಿಂಟನ್ ದೆಹಲಿಗೆ ಬಂದಿಳಿದರು, ಮುಂಬೈಗೂ ಬಂದರು. ಈ ನಾಯಕರು ನಿಮಗೆ ಇಷ್ಟವೋ ಇಲ್ಲವೋ, ಅದು ಬೇರೆ ಮಾತು. ಹೊರಗಿನವರ ಅಭಿಪ್ರಾಯ ನಮ್ಮ ಓಟಿನ ಹಿಂದೆ ಬಂತು. ಹಿಂದೆ ಬರುವುದನ್ನು ನೋಡಿಕೊಂಡು ನಾವು ಮುಂದೆ ಹೆಜ್ಜೆ ಇಡುವುದು ಹೇಗೆ?

ಹಾಗಾದರೆ ಹೊರಗಿನವರ ಮಾತಿಗೆ ಕಿವಿ ಮುಚ್ಚಿಕೊಳ್ಳಬೇಕಾ? ಖಂಡಿತ ಬೇಡ. ತುರ್ತು ಪರಿಸ್ಥಿತಿಯ ಕಾಲ ನೆನಪಿಸಿಕೊಳ್ಳಿ. 1975ರ ಜೂನ್‌ನಿಂದ ಪತ್ರಿಕೆಗಳಿಗೆ ಸೆನ್ಸಾರ್. ಜೈಲಿನಲ್ಲಿ ಯಾರಿದ್ದಾರೆ ಅನ್ನುವುದನ್ನೂ ಅಚ್ಚು ಹಾಕುವ ಹಾಗಿಲ್ಲ. ಆಗ ಜನ ರಾತ್ರಿ ರೇಡಿಯೋ ಮುಳ್ಳು ತಿರುಗಿಸಿ ಬಿಬಿಸಿ ಹಿಡಿಯುತ್ತಿದ್ದರು. ಮಂಗಳೂರಿನಿಂದ ಬಂದು ಮುಂಬೈಯ ಟ್ಯಾಕ್ಸಿಯವರನ್ನು, ಹೋಟೆಲ್ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸ್ 1976ರಲ್ಲಿ ಸಿಕ್ಕಿಬಿದ್ದಾಗ, ಅವರ ಜೀವಕ್ಕೆ ಅಪಾಯ ಆಗಬಾರದು ಅಂತ ಯುರೋಪಿನ ಸಮಾಜವಾದಿ ನಾಯಕರು ದನಿ ಎತ್ತಿದರು. ಆ ದನಿಗೆ ನಾವು ಕೃತಜ್ಞರಾಗಿರಬೇಕು. ನಮ್ಮ ಬಾಯಿ ಕಟ್ಟಿದ್ದಾಗ ಸುದ್ದಿ ಹೊರಗಿನಿಂದ ಬಂದರೂ ಅದು ನಮ್ಮದೇ ಸುದ್ದಿ.

ಆದರೆ 1977ರ ಮಾರ್ಚ್‌ನ ಫಲಿತಾಂಶ ನೋಡಿ. ಮುಂಬೈಯಲ್ಲಿ ಕಾಂಗ್ರೆಸ್ ಎಲ್ಲ ಸೀಟುಗಳನ್ನೂ ಕಳೆದುಕೊಂಡಿತು. ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಭಾರೀ ಅಂತರದಿಂದ ಗೆದ್ದರು. ಅದೇ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಕಾಂಗ್ರೆಸ್ 28ರಲ್ಲಿ 26 ಗೆದ್ದಿತು! ಲಂಡನ್‌ನಲ್ಲಿ ಇಂದಿರಾ ಗಾಂಧಿಯವರ ಬಗ್ಗೆ ಇದ್ದ ಅಭಿಪ್ರಾಯ ಎಲ್ಲರಿಗೂ ಒಂದೇ. ಉತ್ತರದವರು ಬಲವಂತದ ಸಂತಾನಹರಣ ಕಂಡಿದ್ದರು. ಕರ್ನಾಟಕದ ಗೇಣಿದಾರರು ದೇವರಾಜ ಅರಸರ ಭೂಸುಧಾರಣೆ ಕಂಡಿದ್ದರು. ಇಬ್ಬರೂ ತಾವು ಕಂಡದ್ದಕ್ಕೆ ಓಟು ಹಾಕಿದರು. ಕರ್ನಾಟಕದ ಆ ತೀರ್ಪು ನನಗೆ ಪೂರ್ತಿ ಹಿಡಿಸುವುದಿಲ್ಲ. ತುರ್ತು ಪರಿಸ್ಥಿತಿಯನ್ನು ಕ್ಷಮಿಸಬಾರದಿತ್ತು ಅಂತಲೇ ನನ್ನ ಅನಿಸಿಕೆ. ಆದರೂ ಉಳುವ ಹೊಲ ಕೈಗೆ ಬಂದವರ ಲೆಕ್ಕ ಅವರದೇ, ಅದನ್ನು ನಾನು ಗೌರವಿಸುತ್ತೇನೆ.

ಇದು ನಮ್ಮ ಮನೆಯಲ್ಲೂ ನಡೆಯುವ ಮಾತು. ಚುನಾವಣೆ ಬಂದಾಗ ಮುಂಬೈಯ ನಾವೆಲ್ಲ ಕುಂದಾಪುರದ ಕಡೆಯ ನೆಂಟರಿಗೆ ಫೋನ್ ಮಾಡಿ ಯಾರಿಗೆ ಓಟು ಹಾಕಬೇಕು ಅಂತ ಹೇಳುತ್ತೇವೆ. ನಮ್ಮ ಚಿಕ್ಕಮ್ಮ ಒಮ್ಮೆ ಕೇಳಿದ್ದರು, 'ಏಪ್ರಿಲ್‌ನಲ್ಲಿ ಬಾವಿ ಬತ್ತಿದಾಗ ಟ್ಯಾಂಕರ್ ತರಿಸಿದ್ದು ಯಾರು ಅಂತ ನಿಂಗೆ ಗೊತ್ತುಂಟಾ?' ನಮಗೆ ಗೊತ್ತಿರಲಿಲ್ಲ. ಊರನ್ನು ಅಷ್ಟೊಂದು ಪ್ರೀತಿಸುವ ನಮಗೇ ಗೊತ್ತಿಲ್ಲ ಅಂದಮೇಲೆ ಎಲ್ಲೋ ದೂರದ ಸಂಪಾದಕನಿಗೆ ಏನು ಗೊತ್ತಿರುತ್ತೆ?

ಕಾನೂನೂ ಒಂದು ಗೆರೆ ಎಳೆದಿದೆ. ವಿದೇಶಿ ದೇಣಿಗೆಯನ್ನು ಪಕ್ಷಗಳಾಗಲಿ ಅಭ್ಯರ್ಥಿಗಳಾಗಲಿ ತೆಗೆದುಕೊಳ್ಳುವ ಹಾಗಿಲ್ಲ. ದುಬೈಯಲ್ಲಿ ದುಡಿಯುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಹೆಸರು ಸೇರಿಸಬಹುದು, ಆದರೆ ಊರಿಗೆ ಬಂದೇ ಓಟು ಹಾಕಬೇಕು. ಗೋವಾದಲ್ಲಿ ಪೋರ್ಚುಗಲ್ ಪೌರತ್ವ ಪಡೆದವರಿಗೆ ಇಲ್ಲಿಯ ಓಟಿಲ್ಲ. ಫಲ ಅನುಭವಿಸುವವರೇ ತೀರ್ಮಾನ ಮಾಡಲಿ ಅನ್ನುವುದು ಇದರ ಅರ್ಥ, ನನಗೆ ಇದು ಸರಿ ಅನಿಸುತ್ತೆ.

ಹಾಗಂತ ಹೊರಗಿನವರ ನಂಬಿಕೆ ನಮಗೆ ಬೇಡ ಅಂತಲ್ಲ. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಮುಂಬೈಯಿಂದ ಹೊರಗೆ ಕಳಿಸಿ ಅಡವಿಡಬೇಕಾಯಿತು. ಸಾಲ ಕೊಡುವವರು ಕೈ ಎತ್ತಿದ್ದರು, ತೈಲ ತರಿಸಲು ಡಾಲರ್ ಇರಲಿಲ್ಲ. ನನ್ನ ಕಸುಬಿನಲ್ಲಿ ಇರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಬ್ಯಾಂಕು ಎಲ್‌ಸಿ, ಅಂದರೆ ಹಣ ಕೊಡುತ್ತೇವೆ ಅನ್ನುವ ಖಾತರಿ ಪತ್ರ, ತೆರೆಯದಿದ್ದರೆ ಸರಕು ಹಡಗಿಗೇ ಹತ್ತಲ್ಲ. ಆದ್ದರಿಂದ ಹೊರಗಿನ ಸಾಲ ಎಷ್ಟಾಯಿತು, ಡಾಲರ್ ಸಂಗ್ರಹ ಎಷ್ಟಿದೆ, ನೆರೆಹೊರೆಯ ದೇಶಗಳ ಜೊತೆ ಹೇಗಿದ್ದೇವೆ ಅಂತ ನಾಯಕರನ್ನು ಕೇಳಲೇಬೇಕು. ಇವು ನಮ್ಮ ಬದುಕಿನ ಪ್ರಶ್ನೆಗಳು.

ಮುಂದಿನ ಸಲ ಯಾರಾದರೂ ವಿದೇಶಿ ಪತ್ರಿಕೆಯ ಲೇಖನ ಕಳಿಸಿದರೆ ಪೂರ್ತಿ ಓದಿ. ಅದರಲ್ಲಿ ಹೆಸರು, ತಾರೀಕು, ದಾಖಲೆ ಇದ್ದರೆ ಬರೆದಿಟ್ಟುಕೊಳ್ಳಿ, ಇಲ್ಲಿಯ ಪತ್ರಿಕೆಗಳಲ್ಲಿ ತಾಳೆ ನೋಡಿ. ಬರೀ 'ಜಗತ್ತು ಗಾಬರಿಯಾಗಿದೆ', 'ಜಗತ್ತು ಬೆರಗಾಗಿದೆ' ಅಂತಿದ್ದರೆ ಪಕ್ಕಕ್ಕಿಡಿ. ಆಮೇಲೆ ಚುನಾವಣಾ ಆಯೋಗದ ವೆಬ್‌ಸೈಟಿಗೆ ಹೋಗಿ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳ ಫಾರ್ಮ್ 26 ತೆಗೆಯಿರಿ. ಆಸ್ತಿ, ಸಾಲ, ಓದು, ಮೇಲಿರುವ ಕೇಸುಗಳು, ಎಲ್ಲ ಪ್ರಮಾಣ ಮಾಡಿ ಬರೆದಿರುತ್ತಾರೆ. ಕೇಸುಗಳ ಪುಟದಿಂದಲೇ ಶುರು ಮಾಡಿ.