ಕಾಲ್‌ನಲ್ಲಿರುವಾಗ ಸ್ಟೇಟಸ್ ಬಿಝಿ ಇಡಬೇಕಾ, ಡಿಎನ್‌ಡಿ (ಕಾಲ್ ಬರದಂತೆ ತಡೆಯೋ 'ಡು ನಾಟ್ ಡಿಸ್ಟರ್ಬ್') ಹಾಕಬೇಕಾ?

ಎರಡೂ ಬೇಡ. ಪ್ರತಿ ಕಾಲ್‌ಗೂ ಸ್ಟೇಟಸ್ ಬದಲಾಯಿಸಿ ಅಂತ ನಿಮ್ಮ ಟೀಮ್ ಲೀಡರ್ ಹೇಳ್ತಾರೆ ಅಂದಿರಿ. ಮಾತಾಡ್ತಿರುವಾಗ ಅದನ್ನು ಮುಟ್ಟಲೇಬೇಡಿ. ಇದೇ ಅಭ್ಯಾಸದಿಂದ ನಾನು ಒಬ್ಬ ಹಳೇ ಡೀಲರನ್ನು ಕಳೆದುಕೊಂಡೆ.

ದಾವಣಗೆರೆಯಲ್ಲಿ ಬೀಜ, ಔಷಧಿ ಸಗಟು ಮಾರುವ ಕಡೆ ಫೋನ್ ಡೆಸ್ಕಿನಲ್ಲಿದ್ದೆ. ಮುಂಗಾರು ಹಿಡಿದರೆ ಮುಗೀತು, ಜಗಳೂರು, ಹರಿಹರ, ಹೊನ್ನಾಳಿ ಎಲ್ಲ ಕಡೆಯಿಂದ ಮೆಕ್ಕೆಜೋಳದ್ದೇ ಫೋನು. 2018ರಲ್ಲಿ ನಮ್ಮ ದೇಶದಲ್ಲಿ ಮೊದಲು ಪಕ್ಕದ ಶಿವಮೊಗ್ಗದಲ್ಲೇ ಕಂಡ ಸೈನಿಕ ಹುಳು ಇದೆಯಲ್ಲ, ಅದು ಸುಳಿಯೊಳಗೆ ಕೂತು ತಿನ್ನುತ್ತೆ. ರೈತರು ಗಾಬರಿಯಿಂದ ಕೇಳ್ತಾರೆ, ನಿಧಾನವಾಗಿ ಹೇಳಬೇಕು. ಕ್ಯಾನಿಗೆ ಎಷ್ಟು ಔಷಧಿ ಅಂತ ಹೇಳ್ತಿರುವಾಗಲೇ ಕಿವಿಯಲ್ಲಿ ಇನ್ನೊಂದು ಕಾಲ್ ಬೀಪ್ ಬೀಪ್ ಅನ್ನೋದು. ಅದಕ್ಕೆ ಫೋನಿನ ಮೇಲಿದ್ದ ಡಿಎನ್‌ಡಿ ಬಟನ್ ಒತ್ತಿಬಿಡ್ತಿದ್ದೆ. ಕಾಲ್ ಮುಗಿದ ಮೇಲೆ ತೆಗೀತಿದ್ದೆ.

ಒಂದು ದಿನ ತೆಗೆಯಲಿಲ್ಲ. ಪಕ್ಕದವರು ರಜೆ. ಆ ಬಟನ್ ಕೆಲಸ ಮಾಡೋದು ಫೋನಿನೊಳಗೆ ಮಾತ್ರ, ಕಾಲ್ ಹಂಚುವ ಸರ್ವರಿಗೆ ಅದರ ಸುದ್ದಿಯೇ ಇರಲಿಲ್ಲ. ಸರ್ವರ್ ನನ್ನನ್ನು ಖಾಲಿ ಇದ್ದಾರೆ ಅಂದುಕೊಂಡು ಕ್ಯೂನಲ್ಲಿ, ಅಂದ್ರೆ ಕಾಯುವ ಸಾಲಿನಲ್ಲಿ ಇದ್ದ ಕಾಲನ್ನು ನನಗೇ ಕಳಿಸೋದು. ಫೋನ್ ಸದ್ದಿಲ್ಲದೆ ವಾಪಸ್ ತಳ್ಳೋದು. ಸ್ವಲ್ಪ ಹೊತ್ತಿಗೆ ಮತ್ತೆ ನನಗೇ ಬರೋದು. ಆ ಕಡೆ ಇದ್ದವರಿಗೆ ಬರೀ ಮ್ಯೂಸಿಕ್. ನನ್ನ ನಂಬರಿಗೆ ನೇರವಾಗಿ ಮಾಡಿದವರಿಗೆ ಬಿಝಿ ಟೋನ್. ಮೇಲಿನವರ ಪರದೆಯಲ್ಲಿ ನನ್ನ ಹೆಸರು ಹಸಿರಾಗೇ ಇತ್ತು, ಹಾಗಾಗಿ ಯಾರೂ ಬಂದು ಕೇಳಲಿಲ್ಲ. ಸಾಕ್ಷಿ ಅಂತ ಇದ್ದದ್ದು ಫೋನಿನ ಡಿಸ್‌ಪ್ಲೇ ಮೂಲೆಯ ಒಂದು ಸಣ್ಣ ಗುರುತು. ಊಟದ ಹೊತ್ತಲ್ವಾ, ಫೋನ್ ಕಡಿಮೆ ಅಂದುಕೊಂಡು ಬಿಲ್ ಬರೀತಾ ಕೂತಿದ್ದೆ. ಜಗಳೂರಿನ ಡೀಲರ್ ಸಂಜೆವರೆಗೆ ಪ್ರಯತ್ನಿಸಿ, ಬಿತ್ತನೆ ಬೀಜದ ಆರ್ಡರ್ ಬೇರೆ ಕಡೆ ಕೊಟ್ಟರು. ಆಮೇಲೆ ನಮ್ಮ ಹತ್ರ ಬರಲೇ ಇಲ್ಲ.

ನೀವು ಫೋನ್ ಎತ್ತಿರೋದು ಸರ್ವರಿಗೆ ಗೊತ್ತೇ ಇರುತ್ತೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲೂ ಕಾಲ್ ಹತ್ತಿದ ಕೂಡಲೇ ಸ್ಟೇಟಸ್ ತಾನೇ ಬದಲಾಗುತ್ತೆ. ಎರಡನೇ ಕಾಲ್ ಬರ್ತಿದೆ ಅಂದ್ರೆ ಕ್ಯೂ ಸೆಟ್ಟಿಂಗ್ ಸರಿ ಇಲ್ಲ, ತಪ್ಪು ನಿಮ್ಮದಲ್ಲ. ನಮ್ಮಲ್ಲಿದ್ದದ್ದು ಫ್ರೀಪಿಬಿಎಕ್ಸ್ ಅನ್ನೋ ಆಫೀಸ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್. ಅದರ ಕ್ಯೂನಲ್ಲಿ 'ಸ್ಕಿಪ್ ಬಿಝಿ ಏಜೆಂಟ್ಸ್' ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಮಾತಾಡ್ತಿರುವವರಿಗೆ ಕ್ಯೂ ಕಾಲ್ ಬರಲ್ಲ. ಕಾಲ್ ಮುಗಿದ ಮೇಲೆ ಬರೆದುಕೊಳ್ಳೋಕೆ ಸಮಯ ಬೇಕಾದರೆ 'ರ್‍ಯಾಪ್ ಅಪ್ ಟೈಮ್' ಹಾಕಿಸಿ, ಅಷ್ಟು ಸೆಕೆಂಡ್ ಮುಂದಿನ ಕಾಲ್ ಕಾಯುತ್ತೆ.

ಕೈಯಾರೆ ಸ್ಟೇಟಸ್ ಬದಲಾಯಿಸೋದು ಸರ್ವರಿಗೆ ಕಾಣದ ಕೆಲಸಕ್ಕೆ ಮಾತ್ರ: ಊಟ, ಮೀಟಿಂಗು, ಗೋಡೌನಿಗೆ ಹೋಗೋದು. ಅದಕ್ಕೂ ಡಿಎನ್‌ಡಿ ಬೇಡ, ಕ್ಯೂ ಪಾಝ್ (ಕ್ಯೂ ಕಾಲ್ ತಾತ್ಕಾಲಿಕವಾಗಿ ನಿಲ್ಲಿಸೋದು) ಬಳಸಿ. ಫ್ರೀಪಿಬಿಎಕ್ಸ್‌ನಲ್ಲಿ ಕೋಡ್ ಬದಲಾಯಿಸಿಲ್ಲ ಅಂದ್ರೆ ಸ್ಟಾರ್ 46. ಕ್ಯೂ ಕಾಲ್ ನಿಲ್ಲುತ್ತೆ, ನೇರ ಕಾಲ್ ಬರ್ತಾನೇ ಇರುತ್ತೆ, ಪರದೆಯಲ್ಲೂ ಕಾಣುತ್ತೆ.

ಟೀಮ್ ಲೀಡರ್ ಒಪ್ಪಲಿಲ್ಲ ಅಂದ್ರೆ ಸುಮ್ನೆ ವಾದ ಮಾಡಬೇಡಿ. ಎಕ್ಸ್‌ಚೇಂಜ್ ನೋಡಿಕೊಳ್ಳುವವರ ಹತ್ರ ಕ್ಯೂ ರಿಪೋರ್ಟ್ ತೆಗೆಸಿ. ಯಾವ ಕಾಲ್ ಯಾರಿಗೆ ಹೋಗಿ, ಯಾರೂ ಎತ್ತದೆ ವಾಪಸ್ ಬಂತು ಅಂತ ಅದರಲ್ಲಿ ಸಾಲು ಸಾಲಾಗಿ ಇರುತ್ತೆ. ಅದನ್ನು ಅವರ ಮುಂದಿಟ್ಟು ಸೆಟ್ಟಿಂಗ್ ಬದಲಾಯಿಸಿ ಅಂತ ಕೇಳಿ.